ನುಂಗುವ ತೊಂದರೆಯ ಚಿಕಿತ್ಸೆ: ಡಿಗ್ರಿ ಮುಗಿದ ಮೇಲೆ ಕೈ ಪಳಗಿಸಿಕೊಳ್ಳುವ ದಾರಿ

ಸ್ಪೀಚ್ ಥೆರಪಿಸ್ಟ್ ಆಗಿ ಕೆಲಸಕ್ಕೆ ಸೇರಿ ಎರಡನೇ ವಾರ. ಲಕ್ವ ಹೊಡೆದು ನಾಲ್ಕು ದಿನ ಆಗಿದ್ದ ಹಿರಿಯರೊಬ್ಬರನ್ನು ನೋಡಲು ಕರೆದರು. ಕೇಸ್ ಶೀಟಿನಲ್ಲಿ ಒಂದೇ ಸಾಲು ಇತ್ತು, ಬಾಯಿಂದ ಊಟ ಶುರು ಮಾಡಬಹುದಾ ನೋಡಿ ಅಂತ. ಹಾಸಿಗೆ ಎತ್ತರಿಸಿ ಕೂರಿಸಿದೆ. ಚಮಚದಲ್ಲಿ ನೀರು ಕೊಟ್ಟೆ, ಆಮೇಲೆ ಲೋಟದಲ್ಲಿ. ಒಂದು ಸಲವೂ ಅವರು ಕೆಮ್ಮಲಿಲ್ಲ. ಖುಷಿಯಿಂದ ‘ತೊಂದರೆ ಇಲ್ಲ’ ಎಂದು ಬರೆದು ಬಂದೆ. ಮೂರನೇ ದಿನ ಜ್ವರ, ಎದೆ ತುಂಬ ಕಫ, ಎಕ್ಸ್‌ರೇಯಲ್ಲಿ ನ್ಯುಮೋನಿಯಾ. ಅವರು ಹುಷಾರಾದರು, ಆದರೆ ಮತ್ತೆರಡು ವಾರ ಹಾಸಿಗೆ ಹಿಡಿದರು.

ಕೆಮ್ಮದೇ ಇದ್ದದ್ದೇ ಅಲ್ಲಿನ ತೊಂದರೆ. ನೀರು ಶ್ವಾಸನಾಳಕ್ಕೆ ಇಳಿದರೂ ಗಂಟಲಿಗೆ ಅದರ ಅರಿವೇ ಆಗಿರಲಿಲ್ಲ. ಇದಕ್ಕೆ ಸೈಲೆಂಟ್ ಆಸ್ಪಿರೇಶನ್ ಅನ್ನುತ್ತಾರೆ ಎಂದು ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಪೂರ್ತಿ ಅಂಕವೂ ಬಂದಿತ್ತು. ಗೊತ್ತಿದ್ದದ್ದು ಕಣ್ಣಿಗೂ ಕೈಗೂ ಇಳಿದಿರಲಿಲ್ಲ, ಅಷ್ಟೇ.

ಈ ಬರಹ ಆ ಇಳಿಸಿಕೊಳ್ಳುವ ಕೆಲಸದ ಬಗ್ಗೆ. ಬಿಎಎಸ್‌ಎಲ್‌ಪಿ, ಅಂದರೆ ವಾಕ್ ಶ್ರವಣದ ಡಿಗ್ರಿ, ಮುಗಿಸಿ ಆಸ್ಪತ್ರೆಗೋ ಕ್ಲಿನಿಕ್ಕಿಗೋ ಸೇರಿದವರು, ಇಷ್ಟು ದಿನ ಮಾತಿನ ಥೆರಪಿ ಮಾತ್ರ ಮಾಡಿ ಈಗ ನುಂಗುವ ತೊಂದರೆಯ ಕೇಸುಗಳನ್ನು ನೋಡಬೇಕಾಗಿ ಬಂದವರು, ವಾರ್ಡಿನಲ್ಲಿ ದಿನಾ ರೋಗಿಗಳಿಗೆ ಉಣಿಸುವ ಸಿಸ್ಟರ್‌ಗಳು, ಎಲ್ಲರಿಗೂ ಏನಾದರೂ ಸಿಗುತ್ತದೆ. ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಇಡಿ ಎನ್ನುವುದು ನನ್ನ ಸಲಹೆ. ಜಾಸ್ತಿ ಜನ ಕೋರ್ಸಿನಿಂದ ಶುರು ಮಾಡುತ್ತಾರೆ. ನಾನು ಅಲ್ಲಿಂದ ಶುರು ಮಾಡುವುದಿಲ್ಲ.

ಹೆಜ್ಜೆ 1: ನಿಮ್ಮ ಗಂಟಲನ್ನೇ ಮೊದಲು ಓದಿ

ಕನ್ನಡಿ ಮುಂದೆ ಕೂತುಕೊಳ್ಳಿ. ತೋರುಬೆರಳು ಗದ್ದದ ಕೆಳಗೆ, ನಡುಬೆರಳು ನಾಲಗೆ ಬುಡದ ಹಯಾಯ್ಡ್ ಮೂಳೆ ಇರುವ ಜಾಗದಲ್ಲಿ, ಉಂಗುರ ಬೆರಳು ಧ್ವನಿಪೆಟ್ಟಿಗೆಯ ಮೇಲಂಚಿನಲ್ಲಿ, ಕಿರುಬೆರಳು ಅದರ ಕೆಳಅಂಚಿನಲ್ಲಿ. ಒತ್ತಬೇಡಿ, ಸುಮ್ನೆ ತಾಗಿಸಿಡಿ. ಈಗ ಎಂಜಲು ನುಂಗಿ. ಮೊದಲು ನಾಲಗೆ ಅಲುಗುವುದು ತೋರುಬೆರಳಿಗೆ ಗೊತ್ತಾಗುತ್ತದೆ, ಅದರ ಹಿಂದೆಯೇ ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಎದ್ದು ಇಳಿಯುತ್ತದೆ. ಇವೆರಡರ ನಡುವೆ ಎಷ್ಟು ಹೊತ್ತು ಹೋಯಿತು? ಎದ್ದದ್ದು ಪೂರ್ತಿ ಎದ್ದಿತಾ? ಮುಂದೆ ರೋಗಿಯ ಕತ್ತಿನ ಮೇಲೆ ಕೈಯಿಟ್ಟಾಗ ನಿಮಗೆ ಬೇಕಾಗುವುದು ಈ ಎರಡು ಪ್ರಶ್ನೆಗಳ ಉತ್ತರ.

ನೀರು, ಮಜ್ಜಿಗೆ, ಬಾಳೆಹಣ್ಣು, ಬಿಸ್ಕತ್ತು, ಒಣ ಅವಲಕ್ಕಿ ಹೀಗೆ ಬದಲಿಸಿ ಬದಲಿಸಿ ನುಂಗಿ ನೋಡಿ. ಬಾಯಿ ತೆರೆದುಕೊಂಡು ನುಂಗಲು ಪ್ರಯತ್ನಿಸಿ, ತುಟಿ ಮುಚ್ಚುವುದಕ್ಕೆ ಎಷ್ಟು ಬೆಲೆ ಇದೆ ಎಂದು ಆಗ ಗೊತ್ತಾಗುತ್ತದೆ. ಉಸಿರನ್ನೂ ಗಮನಿಸಿ. ನುಂಗುವ ಕ್ಷಣದಲ್ಲಿ ಉಸಿರು ನಿಲ್ಲುತ್ತದೆ, ನುಂಗಿದ ಮೇಲೆ ಸಾಮಾನ್ಯವಾಗಿ ಹೊರಗೆ ಬರುತ್ತದೆ. ಏದುಸಿರು ಬಿಡುವ ರೋಗಿಗೆ ಊಟ ಯಾಕೆ ಅಪಾಯ ಎಂಬುದು ಇದರಲ್ಲೇ ಇದೆ.

ಮಿದುಳಿನಿಂದ ಹೊರಡುವ 12 ಜೋಡಿ ನರಗಳನ್ನು ಬಾಯಿಪಾಠ ಮಾಡುವ ಬದಲು ಕೆಲಸಕ್ಕೆ ಜೋಡಿಸಿ. 5ನೆಯದು ಅಗಿಯುವುದಕ್ಕೆ, 7ನೆಯದು ತುಟಿ ಕೆನ್ನೆಗೆ, 9 ಮತ್ತು 10 ಗಂಟಲಿಗೆ, 12ನೆಯದು ನಾಲಗೆಗೆ. ಒಂದು ತುತ್ತು ಮೊಸರನ್ನ ಬಾಯಿಗಿಟ್ಟುಕೊಂಡು, ಯಾವ ಕ್ಷಣದಲ್ಲಿ ಯಾರ ಕೆಲಸ ನಡೆಯುತ್ತಿದೆ ಎಂದು ನಿಮಗೆ ನೀವೇ ಹೇಳಿಕೊಳ್ಳಿ. ಒಂದು ವಾರ ಹೀಗೆ ಮಾಡಿದರೆ ಆಮೇಲೆ ಮರೆಯುವುದಿಲ್ಲ.

ಹೆಜ್ಜೆ 2: 30 ಊಟ ನೋಡಿ, ಏನೂ ಮಾಡಬೇಡಿ

ಇದು ನಾನು ಎಲ್ಲ ಕಿರಿಯರಿಗೂ ಕೊಡುವ ಮೊದಲ ಕೆಲಸ. ಒಂದು ನೋಟ್‌ಬುಕ್ ಹಿಡಿದು, ವಾರ್ಡಿನಲ್ಲಿ ಊಟದ ಹೊತ್ತಿಗೆ ಹೋಗಿ, ಒಬ್ಬ ರೋಗಿಯ ಪಕ್ಕ ಕೂತು, ಮೊದಲ ತುತ್ತಿನಿಂದ ಕೈ ತೊಳೆಯುವ ತನಕ ನೋಡಿ. ಯಾರಿಗಾದರೂ ಅಪಾಯ ಕಂಡರೆ ಸಿಸ್ಟರನ್ನು ಕರೆಯಿರಿ. ಅದು ಬಿಟ್ಟು ಕೈ ಹಾಕಬೇಡಿ, ಸಲಹೆ ಕೊಡಬೇಡಿ.

ಏನು ಬರೆದುಕೊಳ್ಳಬೇಕು? ಎಷ್ಟು ನಿಮಿಷದ ಊಟ. ಯಾವ ತುತ್ತಿಗೆ ಮುಖ ಬದಲಾಯಿತು. ಕೆನ್ನೆಯೊಳಗೆ ಅನ್ನ ಉಳಿಯಿತಾ. ಊಟದ ನಡುವೆ ದನಿ ಒದ್ದೆಯಾಯಿತಾ, ಅಂದರೆ ಗಂಟಲಲ್ಲಿ ನೀರು ನಿಂತ ಹಾಗೆ ಗೊರಗೊರ ಅನ್ನಿಸಿತಾ. ಉಣಿಸುವವರು ನಿಂತಿದ್ದರಾ ಕೂತಿದ್ದರಾ. ನಿಂತವರು ಉಣಿಸಿದರೆ ರೋಗಿ ತಲೆ ಎತ್ತಿ ನೋಡಬೇಕಾಗುತ್ತದೆ, ತಲೆ ಹಿಂದೆ ಬಾಗಿದರೆ ಶ್ವಾಸನಾಳದ ದಾರಿ ತೆರೆದುಕೊಳ್ಳುತ್ತದೆ. ನಮ್ಮಲ್ಲಿ ಲೋಟಕ್ಕೆ ಎಂಜಲು ತಾಗದಂತೆ ಎತ್ತಿ ಕುಡಿಯುವ ಅಭ್ಯಾಸ ಇದೆಯಲ್ಲ, ಅದನ್ನೂ ಇಲ್ಲಿ ನೋಡಿ. ಗಟ್ಟಿ ಗಂಟಲಿನವರಿಗೆ ಅದರಿಂದ ಏನೂ ಆಗುವುದಿಲ್ಲ. ಲಕ್ವದ ರೋಗಿಗೆ ತಲೆ ಹಿಂದಕ್ಕೆ ಬಾಗಿಸಿ ನೀರು ಸುರಿದರೆ, ನಾಲಗೆ ತಡೆಯುವ ಮೊದಲೇ ಅದು ಗಂಟಲಿಗೆ ಹೋಗಿ ಬೀಳುತ್ತದೆ. ಮನೆಯವರು ಮಡಿಗಾಗಿ ಪ್ರೀತಿಯಿಂದಲೇ ಹಾಗೆ ಕುಡಿಸುತ್ತಾರೆ. ಅವರಿಗೊಂದು ಬೇರೆ ಲೋಟ ಇಟ್ಟುಬಿಡಿ, ಕಚ್ಚಿಯೇ ಕುಡಿಯಲಿ ಎಂದರೆ ಯಾರೂ ಬೇಡ ಅನ್ನುವುದಿಲ್ಲ.

ಮಾತು ಕೇಳುವುದನ್ನೂ ಇಲ್ಲೇ ಕಲಿಯಬೇಕು. ‘ನುಂಗಲು ತೊಂದರೆ ಇದೆಯಾ?’ ಎಂದು ಕೇಳಿದರೆ ಹತ್ತರಲ್ಲಿ ಎಂಟು ಮನೆಯವರು ಇಲ್ಲ ಅನ್ನುತ್ತಾರೆ. ‘ಊಟ ಮಾಡುವಾಗ ನೆತ್ತಿಗೆ ಹತ್ತುತ್ತಾ?’ ಎಂದು ಕೇಳಿ ನೋಡಿ. ‘ಹೂಂ, ದಿನಾ ಹತ್ತುತ್ತೆ, ನೀರು ಕುಡಿದರೆ ಸಾಕು’ ಎಂದು ತಕ್ಷಣ ಬರುತ್ತದೆ. ನೆತ್ತಿಗೆ ಹತ್ತಿದರೆ ಯಾರೋ ನೆನೆಸಿಕೊಂಡರು ಎಂದು ತಲೆ ತಟ್ಟಿ ಬಿಟ್ಟುಬಿಡುವ ಊರು ನಮ್ಮದು. ಅದು ಕಾಯಿಲೆಯ ಲೆಕ್ಕಕ್ಕೆ ಬರುವುದೇ ಇಲ್ಲ. ಇನ್ನೊಂದು ಒಳ್ಳೆಯ ಪ್ರಶ್ನೆ: ‘ಮೊದಲು ಇಷ್ಟಪಟ್ಟು ತಿನ್ನುತ್ತಿದ್ದದ್ದು ಏನನ್ನು ಈಗ ಬಿಟ್ಟಿದ್ದಾರೆ?’ ಚಪಾತಿ ಬಿಟ್ಟರು, ಮುದ್ದೆ ಬಿಟ್ಟರು, ಅನ್ನ ಸಾರಿನಲ್ಲಿ ಕಲಸಿ ಕೊಟ್ಟರೆ ಮಾತ್ರ ತಿನ್ನುತ್ತಾರೆ, ಈ ಉತ್ತರಗಳಲ್ಲಿ ಅರ್ಧ ಕೇಸ್ ಹಿಸ್ಟರಿ ಇರುತ್ತದೆ. ಪಾರ್ಕಿನ್ಸನ್ ಇರುವವರು ತಮಗೆ ತೊಂದರೆಯೇ ಇಲ್ಲ ಎಂದು ನಿಜವಾಗಿ ನಂಬಿರುತ್ತಾರೆ, ಹಾಗಾಗಿ ಅಡುಗೆ ಮಾಡಿ ಬಡಿಸುವವರನ್ನೇ ಕೇಳಿ.

ಹೆಜ್ಜೆ 3: ಹಾಸಿಗೆ ಪಕ್ಕದ ಪರೀಕ್ಷೆಯನ್ನು ಒಂದೇ ಕ್ರಮದಲ್ಲಿ ರೂಢಿ ಮಾಡಿಕೊಳ್ಳಿ

ಬಾಯಿಗೆ ಏನಾದರೂ ಹಾಕುವ ಮೊದಲೇ ಅರ್ಧ ಪರೀಕ್ಷೆ ಮುಗಿದಿರಬೇಕು. ಎಚ್ಚರ ಇದ್ದಾರಾ, 15 ನಿಮಿಷ ಎಚ್ಚರವಾಗಿ ಕೂರಬಲ್ಲರಾ? ನಿಮಿಷಕ್ಕೆ ಉಸಿರು ಎಷ್ಟು? ಬಾಯೊಳಗೆ ಟಾರ್ಚ್ ಹಾಕಿ ನೋಡಿ: ಒಣಗಿದೆಯಾ, ಹಳೆ ಅನ್ನ ಅಂಟಿದೆಯಾ, ಹಲ್ಲು ಹೇಗಿದೆ. ‘ಆ’ ಎಂದು ಉದ್ದಕ್ಕೆ ಹೇಳಿಸಿ, ಜೋರಾಗಿ ಕೆಮ್ಮಿಸಿ, ಎಂಜಲು ನುಂಗಿಸಿ. ತನ್ನ ಎಂಜಲನ್ನೇ ನುಂಗಲಾಗದವರಿಗೆ ನೀರು ಕೊಟ್ಟು ನೋಡುವ ಅಗತ್ಯವೇ ಇಲ್ಲ, ಅಲ್ವಾ.

ಆಮೇಲೆ ಚಿಕ್ಕ ಅಳತೆಯಿಂದ ಶುರು ಮಾಡಿ. ಅರ್ಧ ಚಮಚ, ಒಂದು ಚಮಚ, ಆಮೇಲೆ ಲೋಟ. ಪ್ರತಿ ಗುಟುಕಿನ ನಂತರ ಕತ್ತಿನ ಮೇಲಿನ ಕೈ ತೆಗೆಯದೆ ಕಾಯಿರಿ, ಮತ್ತೆ ‘ಆ’ ಹೇಳಿಸಿ. ಮೇಲೆ ಹೇಳಿದ ಹಿರಿಯರ ವಿಷಯದಲ್ಲಿ ನಾನು ಬಿಟ್ಟದ್ದು ಇದನ್ನೇ. ಕೆಮ್ಮು ಬರಲಿಲ್ಲ ಎಂದು ಎದ್ದುಬಿಟ್ಟೆ, ದನಿ ಕೇಳಲು ಒಂದು ನಿಮಿಷ ನಿಲ್ಲಲಿಲ್ಲ.

ಸಿದ್ಧ ಪರೀಕ್ಷೆಗಳಲ್ಲಿ ಎರಡನ್ನಾದರೂ ಚೆನ್ನಾಗಿ ಕಲಿತುಕೊಳ್ಳಿ. ಒಂದು 90 ಮಿ.ಲೀ. ನೀರಿನ ಪರೀಕ್ಷೆ, ನಿಲ್ಲಿಸದೆ ಕುಡಿಸಿ ಕೆಮ್ಮು, ಒದ್ದೆ ದನಿ ನೋಡುವುದು. ಇನ್ನೊಂದು 2007ರಲ್ಲಿ ಆಸ್ಟ್ರಿಯಾದವರು ಹೊರತಂದ ಗಸ್, ಅದರಲ್ಲಿ ಮೊದಲು ಗಟ್ಟಿ ದ್ರವ, ಆಮೇಲೆ ನೀರು, ಕೊನೆಗೆ ಗಟ್ಟಿ ಆಹಾರ ಕೊಡುತ್ತಾರೆ. ಲಕ್ವದ ವಾರ್ಡಿಗೆ ನನಗೆ ಗಸ್ ಜಾಸ್ತಿ ಹಿಡಿಸುತ್ತದೆ, ಸಿಸ್ಟರ್‌ಗಳಿಗೂ ಕಲಿಸಬಹುದು. ಹೊರರೋಗಿಗಳಿಗೆ ಈಟ್-10 ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಇದೆ, ಒಟ್ಟು 3 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮುಂದೆ ನೋಡಬೇಕು.

ಆದರೆ ಇವೆಲ್ಲ ಜರಡಿ ಹಿಡಿಯುವ ಪರೀಕ್ಷೆಗಳು. ಒಳಗೆ ಏನಾಯಿತು ಎಂದು ಇವು ಹೇಳುವುದಿಲ್ಲ. 2005ರಲ್ಲಿ ಲಕ್ವದ ಬಗೆಗಿನ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಸಿಕ್ಕ ಲೆಕ್ಕ ನೋಡಿ: ಸ್ಕ್ರೀನಿಂಗ್ ಮಾತ್ರ ಮಾಡಿದ ಕಡೆ ನುಂಗುವ ತೊಂದರೆ ಕಂಡದ್ದು ಶೇ. 37ರಿಂದ 45 ಜನರಲ್ಲಿ, ಕೈಯಿಟ್ಟು ಪೂರ್ತಿ ಪರೀಕ್ಷೆ ಮಾಡಿದ ಕಡೆ ಶೇ. 51ರಿಂದ 55, ಯಂತ್ರದಲ್ಲಿ ನೋಡಿದ ಕಡೆ ಶೇ. 64ರಿಂದ 78. ಕಾಯಿಲೆ ಒಂದೇ. ನೋಡುವ ಬಗೆ ಬದಲಾದರೆ ಸಿಗುವವರ ಸಂಖ್ಯೆಯೂ ಬದಲಾಗುತ್ತದೆ. ಈ ಮೂರು ಅಂಕಿಗಳನ್ನು ನಾನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ.

ಬೆರಳಿಗೆ ಹಾಕುವ ಆಕ್ಸಿಮೀಟರ್ ಬಗ್ಗೆ ಒಂದು ಮಾತು. ಆಮ್ಲಜನಕ ಇಳಿಯಲಿಲ್ಲ ಅಂದರೆ ನೀರು ಒಳಗೆ ಹೋಗಿಲ್ಲ ಎಂದು ತಿಳಿಯಬೇಡಿ. ರೋಗಿಯ ಸ್ಥಿತಿ ನೋಡಲು ಅದು ಬೇಕು, ಆಸ್ಪಿರೇಶನ್ ಹಿಡಿಯಲು ಅದನ್ನು ನಂಬುವ ಹಾಗಿಲ್ಲ.

ಹೆಜ್ಜೆ 4: ಈಗ ಕೋರ್ಸ್ ಹುಡುಕಿ

ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ನವೀಕರಿಸಲು ಸಿಆರ್‌ಇ, ಅಂದರೆ ಮುಂದುವರಿದ ಕಲಿಕೆಯ ಅಂಕಗಳು ಬೇಕು, ಅದಕ್ಕಾಗಿ ನಾವೆಲ್ಲ ವರ್ಕ್‌ಶಾಪುಗಳಿಗೆ ಹೋಗುತ್ತೇವೆ. ಹೇಗೂ ಹೋಗುವುದಾದರೆ ಕೆಲಸಕ್ಕೆ ಬರುವುದಕ್ಕೇ ಹೋಗಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ನಾವು ಆಯಿಷ್ ಅನ್ನುತ್ತೇವಲ್ಲ, ಅದು ನಮ್ಮ ಕೈಗೆಟಕುವ ದೂರದಲ್ಲೇ ಇದೆ. ನರರೋಗದವರನ್ನು ಜಾಸ್ತಿ ನೋಡಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್, ಬಾಯಿ ಗಂಟಲು ಕ್ಯಾನ್ಸರ್‌ಗೆ ಕಿದ್ವಾಯಿ, ಇಂಥ ಕಡೆ ಕೆಲಸ ಮಾಡುವವರ ಪರಿಚಯ ಮಾಡಿಕೊಳ್ಳಿ. ಕೆಲವು ದಿನ ನೋಡಿ ಕಲಿಯಲು ಅವಕಾಶ ಕೇಳಿ ಪತ್ರ ಬರೆಯುವುದರಲ್ಲಿ ಸಂಕೋಚ ಬೇಡ.

ದುಡ್ಡು ಕಟ್ಟುವ ಮೊದಲು ನಾನು ಮೂರು ವಿಷಯ ವಿಚಾರಿಸುತ್ತೇನೆ. ಕೈಯಿಂದ ಮಾಡುವ ಗಂಟೆಗಳು ಎಷ್ಟು. ರೋಗಿಗಳ ವೀಡಿಯೋ ಪೂರ್ತಿ ತೋರಿಸುತ್ತಾರಾ, ಇಲ್ಲ ಒಳ್ಳೆಯ ತುಣುಕು ಮಾತ್ರವಾ. ಕೊನೆಗೆ ನನ್ನನ್ನು ಪರೀಕ್ಷೆ ಮಾಡುತ್ತಾರಾ. ಮೂರಕ್ಕೂ ಉತ್ತರ ಸರಿಯಾಗಿ ಬರದಿದ್ದರೆ ಆ ದುಡ್ಡಲ್ಲಿ ಒಂದು ಒಳ್ಳೆಯ ಪುಸ್ತಕ ತಗೊಳ್ಳುತ್ತೇನೆ. ಕತ್ತಿಗೆ ಕರೆಂಟ್ ಕೊಡುವ ಯಂತ್ರದ ಸರ್ಟಿಫಿಕೇಟ್‌ಗೆ ಮೊದಲ ವರ್ಷವೇ ಓಡಬೇಡಿ. ಅದರಿಂದ ಯಾರಿಗೆ ಎಷ್ಟು ಉಪಯೋಗ ಎಂಬ ಬಗ್ಗೆ ಅಧ್ಯಯನಗಳಲ್ಲೇ ಒಮ್ಮತ ಇಲ್ಲ. ಯಾವ ಸ್ನಾಯು ಯಾಕೆ ಸೋತಿದೆ ಎಂದು ಗುರುತಿಸಲು ಬಾರದ ಕೈಯಲ್ಲಿ ಯಂತ್ರ ಇದ್ದು ಏನು ಪ್ರಯೋಜನ?

ಹೆಜ್ಜೆ 5: ವಿಎಫ್‌ಎಸ್‌ಎಸ್, ಫೀಸ್ ಓದಲು ಕಲಿಯುವುದು

ಎಕ್ಸ್‌ರೇ ವೀಡಿಯೋದಲ್ಲಿ ಬೇರಿಯಂ ಬೆರೆಸಿದ ಆಹಾರ ಇಳಿಯುವುದನ್ನು ನೋಡುವುದು ವಿಎಫ್‌ಎಸ್‌ಎಸ್. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಮೇಲಿನಿಂದ ನೋಡುವುದು ಫೀಸ್. ಇದನ್ನು ಸೂಸನ್ ಲ್ಯಾಂಗ್‌ಮೋರ್ ಮತ್ತು ಜೊತೆಗಾರರು 1988ರಲ್ಲಿ ಪ್ರಕಟಿಸಿದರು. ನಮ್ಮ ಬಹಳ ಆಸ್ಪತ್ರೆಗಳಲ್ಲಿ ಸ್ಕೋಪ್ ಹಾಕುವವರು ಇಎನ್‌ಟಿ ಡಾಕ್ಟರ್, ಆಹಾರ ಕೊಟ್ಟು ನೋಡುವವರು ನಾವು. ಹಾಗಾಗಿ ಇಎನ್‌ಟಿ ಓಪಿಡಿಯಲ್ಲಿ ಸ್ಕೋಪಿ ನಡೆಯುವ ದಿನ ಹೋಗಿ ಪಕ್ಕದಲ್ಲಿ ನಿಲ್ಲಿ. ಮೊದಲು ಆರೋಗ್ಯವಂತ ಗಂಟಲು ಹೇಗಿರುತ್ತದೆ ಎಂದು ಕಣ್ಣಿಗೆ ಅಭ್ಯಾಸ ಆಗಲಿ. ರೇಡಿಯಾಲಜಿಗೆ ಹೋದರೆ ಲೆಡ್ ಏಪ್ರನ್ ಇಲ್ಲದೆ ಒಳಗೆ ಕಾಲಿಡಬೇಡಿ, ಎಷ್ಟೇ ಅವಸರ ಇರಲಿ.

ಎರಡಕ್ಕೂ ಕುರುಡು ಜಾಗಗಳಿವೆ. ಫೀಸ್‌ನಲ್ಲಿ ನುಂಗುವ ಕ್ಷಣ ಪರದೆ ಬೆಳ್ಳಗಾಗಿಬಿಡುತ್ತದೆ, ಏನೂ ಕಾಣದು. ಮೊದಲು ಏನಿತ್ತು, ಆಮೇಲೆ ಏನು ಉಳಿಯಿತು ಎಂಬುದರಿಂದ ಊಹಿಸಬೇಕು. ವಿಎಫ್‌ಎಸ್‌ಎಸ್‌ನಲ್ಲಿ ಆ ಕ್ಷಣ ಕಾಣುತ್ತದೆ, ಆದರೆ ಎಂಜಲು ಕಾಣುವುದಿಲ್ಲ, ವಿಕಿರಣ ಇರುವುದರಿಂದ ಬೇಕಾದಷ್ಟು ಹೊತ್ತು ನೋಡಲೂ ಆಗದು.

ಓದುವ ಅಭ್ಯಾಸ ಹೀಗೆ ಮಾಡಿ. ಹಿರಿಯರ ಹತ್ತಿರ ಹೆಸರು ತೆಗೆದ ವೀಡಿಯೋಗಳನ್ನು ಅನುಮತಿ ಪಡೆದು ನೋಡಿ. ಅವರು ಬಾಯಿ ಬಿಡುವ ಮೊದಲೇ ನಿಮ್ಮ ಅಂಕ ಬರೆದುಬಿಡಿ. ಆಸ್ಪಿರೇಶನ್ ಅಳೆಯಲು 1996ರ ಪಿಎಎಸ್ ಅಳತೆಗೋಲು ಇದೆ, 1ರಿಂದ 8. ಆಹಾರ ಶ್ವಾಸನಾಳದ ದಾರಿಗೇ ಬರದಿದ್ದರೆ 1, ಧ್ವನಿತಂತುಗಳನ್ನು ದಾಟಿ ಕೆಳಗಿಳಿದರೂ ಹೊರಹಾಕುವ ಪ್ರಯತ್ನವೇ ಕಾಣದಿದ್ದರೆ 8. ನನ್ನ ಆ ಹಿರಿಯರು ಬಹುಶಃ 8 ಇದ್ದರು. ನೀವು ಕೊಟ್ಟ ಅಂಕ, ಹಿರಿಯರು ಕೊಟ್ಟ ಅಂಕ ಎರಡನ್ನೂ ಬರೆದಿಟ್ಟು, ಎರಡು ವಾರ ಬಿಟ್ಟು ಅದೇ ವೀಡಿಯೋ ಮತ್ತೆ ನೋಡಿ. ನಿಮ್ಮದೇ ಎರಡು ಅಂಕಗಳು ಹೊಂದದಿದ್ದರೆ ಇನ್ನೂ ಅಭ್ಯಾಸ ಬೇಕು. ಮತ್ತೆ, ‘ಒಳಗೆ ಹೋಯಿತು’ ಎಂದು ಬರೆದು ನಿಲ್ಲಿಸಬೇಡಿ. ಯಾಕೆ ಹೋಯಿತು? ನಾಲಗೆ ಹಿಡಿದಿಡಲಿಲ್ಲವಾ, ನುಂಗುವುದು ತಡವಾಗಿ ಶುರುವಾಯಿತಾ, ನುಂಗಿದ ಮೇಲೆ ಉಳಿದದ್ದು ಜಾರಿತಾ? ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ.

ಹೆಜ್ಜೆ 6: ಅಡುಗೆಮನೆಗೆ ಬನ್ನಿ

ನನ್ನ ಪ್ರಕಾರ ನಮ್ಮ ತರಬೇತಿಯಲ್ಲಿ ಅತಿ ದೊಡ್ಡ ಖಾಲಿ ಜಾಗ ಇದು. ಆಹಾರ, ದ್ರವ ಎಷ್ಟು ಗಟ್ಟಿ ಎಂದು ಹೇಳುವ ಐಡಿಡಿಎಸ್‌ಐ ಅಳತೆ ನಮ್ಮ ಕೆಲಸದ ಎಲ್ಲರಿಗೂ ಗೊತ್ತು, 0ರಿಂದ 7ರವರೆಗೆ ಎಂಟು ಹಂತ. 0 ಅಂದರೆ ನೀರು, 4 ಅಂದರೆ ನುಣ್ಣಗೆ ರುಬ್ಬಿದ್ದು, 7 ಅಂದರೆ ಮಾಮೂಲಿ ಊಟ. ಆದರೆ ಕೋರ್ಸುಗಳಲ್ಲಿ ತೋರಿಸುವುದು ದ್ರವ ಗಟ್ಟಿ ಮಾಡಲು ಡಬ್ಬಿಯಲ್ಲಿ ಬರುವ ಥಿಕನರ್ ಪುಡಿ. ನಮ್ಮ ರೋಗಿ ಮನೆಗೆ ಹೋಗಿ ಕುಡಿಯುವುದು ರಾಗಿ ಗಂಜಿ.

ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ. 10 ಮಿ.ಲೀ. ಸಿರಿಂಜ್ ತನ್ನಿ, ಅದರ 0ಯಿಂದ 10ರ ಗೆರೆವರೆಗೆ 61.5 ಮಿ.ಮೀ. ಇದೆಯಾ ಎಂದು ಸ್ಕೇಲಿನಲ್ಲಿ ಅಳೆದುಕೊಳ್ಳಿ, ಎಲ್ಲ ಕಂಪನಿಯ ಸಿರಿಂಜೂ ಒಂದೇ ಉದ್ದ ಇರುವುದಿಲ್ಲ. ಒಳಗಿನ ದಂಡ ತೆಗೆದು, ತುದಿಗೆ ಬೆರಳು ಒತ್ತಿ, ಗಂಜಿಯನ್ನು 10ರ ಗೆರೆಯವರೆಗೆ ಸುರಿಯಿರಿ. ಬೆರಳು ತೆಗೆದು 10 ಸೆಕೆಂಡ್ ಎಣಿಸಿ, ಮತ್ತೆ ಮುಚ್ಚಿ. ಒಳಗೆ 1ಕ್ಕಿಂತ ಕಡಿಮೆ ಉಳಿದರೆ ಹಂತ 0. 1ರಿಂದ 4 ಉಳಿದರೆ ಹಂತ 1. 4ರಿಂದ 8 ಹಂತ 2. 8ಕ್ಕಿಂತ ಜಾಸ್ತಿ ಉಳಿದರೆ ಹಂತ 3. ಒಂದು ಹನಿಯೂ ಇಳಿಯದಿದ್ದರೆ 4.

ನಾನು ಇದನ್ನು ಮೊದಲ ಸಲ ಮನೆಯಲ್ಲಿ ಮಾಡಿದಾಗ ಒಲೆಯಿಂದ ಇಳಿಸಿದ ಗಂಜಿಯಲ್ಲಿ 3 ಮಿ.ಲೀ. ಉಳಿಯಿತು. ತಟ್ಟೆ ಮುಚ್ಚಿಟ್ಟು, ಕುಡಿಯುವಷ್ಟು ಆರಿದ ಮೇಲೆ ನೋಡಿದರೆ 9. ಅದೇ ಪಾತ್ರೆ, ಅದೇ ಗಂಜಿ, ಎರಡು ಹಂತ ಮೇಲೆ ಹೋಗಿತ್ತು. ಅಲ್ಲಿಯ ತನಕ ನಾನು ಮನೆಯವರಿಗೆ ‘ಸ್ವಲ್ಪ ಗಟ್ಟಿಯಾಗಿ ಮಾಡಿ’ ಎಂದು ಹೇಳಿ ಕಳಿಸುತ್ತಿದ್ದೆ. ಆ ಮಾತಿಗೆ ಅರ್ಥವೇ ಇಲ್ಲ ಎಂದು ಅವತ್ತು ಗೊತ್ತಾಯಿತು. ಈಗ ಸಿರಿಂಜನ್ನೇ ಕೊಟ್ಟು, ರೋಗಿ ಕುಡಿಯುವ ಬಿಸಿಯಲ್ಲೇ ನೋಡಿ ಎಂದು ಮಾಡಿ ತೋರಿಸಿ ಕಳಿಸುತ್ತೇನೆ. ಇನ್ನೊಂದು: ಎಂಜಲು ತಾಗಿದ ಚಮಚವನ್ನು ಮತ್ತೆ ಮತ್ತೆ ಗಂಜಿಯಲ್ಲಿ ಅದ್ದಿದರೆ ಗಂಜಿ ನೀರಾಗುತ್ತಾ ಹೋಗುತ್ತದೆ, ಎಂಜಲಿನ ಅಮೈಲೇಸ್ ಹಿಟ್ಟನ್ನು ಒಡೆಯುತ್ತದೆ. ಚಿಕ್ಕ ಬಟ್ಟಲಿಗೆ ಸ್ವಲ್ಪ ಸ್ವಲ್ಪ ಹಾಕಿಕೊಂಡು ಕೊಡಲು ಹೇಳಿ.

ಗಟ್ಟಿ ಆಹಾರದಲ್ಲಿ ನಮ್ಮ ಊಟವನ್ನು ಒಂದೊಂದಾಗಿ ನೋಡಬೇಕು. ತಿಳಿಸಾರು ಅನ್ನ ಮೆತ್ತಗಿದೆ ಎಂದು ಎಲ್ಲರೂ ಕೊಡುತ್ತಾರೆ, ಆದರೆ ಅದರಲ್ಲಿ ನೀರೂ ಇದೆ, ಅಗುಳೂ ಇದೆ. ಅಗುಳು ಅಗಿಯುವಷ್ಟರಲ್ಲಿ ಸಾರು ಗಂಟಲಿಗೆ ಇಳಿದಿರುತ್ತದೆ. ಕರಾವಳಿಯ ಕುಚ್ಚಲಕ್ಕಿ ಗಂಜಿಗೂ ಇದೇ ಮಾತು. ಸಾಂಬಾರಿನಲ್ಲಿ ತೇಲುವ ಇಡ್ಲಿಯೂ ಹಾಗೆಯೇ, ಬರೀ ಇಡ್ಲಿಯಾದರೆ ಪುಡಿಪುಡಿಯಾಗಿ ಬಾಯೆಲ್ಲ ಹರಡುತ್ತದೆ. ಮುದ್ದೆ ಬೇರೆಯದೇ ಕಥೆ. ಅಗಿಯದೆ ನುಂಗುವುದೇ ಅದರ ಪದ್ಧತಿ. ಅಂಟು, ಭಾರ, ಗಂಟಲ ಅಗಲದ ತುತ್ತು, ಬಲ ಕಳೆದುಕೊಂಡ ನಾಲಗೆಗೆ ಅದನ್ನು ತಳ್ಳಲಾಗದು, ಸಿಕ್ಕಿಕೊಂಡರೆ ಉಸಿರೇ ಕಟ್ಟುತ್ತದೆ. ಮಂಡ್ಯ, ಕೋಲಾರದ ಕಡೆ ಮುದ್ದೆ ಬಿಡಿ ಎಂದರೆ ಊಟವೇ ಬಿಡಿ ಎಂದ ಹಾಗೆ. ಅದೇ ರಾಗಿಯನ್ನು ಬೆಣ್ಣೆ ಅಥವಾ ಗಟ್ಟಿ ಮೊಸರು ಹಾಕಿ, ಗಂಟಿಲ್ಲದ ಹಾಗೆ, ಚಮಚ ಬಾಗಿಸಿದರೆ ಅಂಟದೆ ಒಟ್ಟಾಗಿ ಜಾರುವಂತೆ ಮಾಡಿ ಕೊಡಿ. ಉತ್ತರ ಕರ್ನಾಟಕದವರಿಗೆ ಜೋಳದ ನುಚ್ಚನ್ನು ನುಣ್ಣಗೆ ಮಾಡಿ ಮಜ್ಜಿಗೆಯಲ್ಲಿ ಕಲಸಬಹುದು, ಹಂತ ಪರೀಕ್ಷಿಸಿಯೇ. ಮೊಸರನ್ನ ಚೆನ್ನಾಗಿ ಕಿವುಚಿದರೆ ಬಹಳ ಜನರಿಗೆ ಹೊಂದುತ್ತದೆ. ಒಗ್ಗರಣೆಯ ಸಾಸಿವೆ, ಕರಿಬೇವು ತೆಗೆಯಬೇಕು. ಹಂತ 5ಕ್ಕೆ ದೊಡ್ಡವರಿಗೆ ಚೂರುಗಳು 4 ಮಿ.ಮೀ. ಒಳಗೆ ಇರಬೇಕು, ಮಾಮೂಲಿ ಫೋರ್ಕಿನ ಎರಡು ಹಲ್ಲುಗಳ ನಡುವಿನ ಜಾಗ ಸುಮಾರು ಅಷ್ಟೇ ಇರುತ್ತದೆ. ಹಂತ 6ಕ್ಕೆ 15 ಮಿ.ಮೀ.

ಗಟ್ಟಿ ಮಾಡಿದರೆ ಸಾಕು ಎಂದು ಮಾತ್ರ ತಿಳಿಯಬೇಡಿ. ಗಟ್ಟಿ ನೀರು ಯಾರಿಗೂ ಇಷ್ಟವಾಗದು, ಜನ ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ, ಮೈಯಲ್ಲಿ ನೀರು ಕಡಿಮೆಯಾಗುತ್ತದೆ. ನೀವೇ ಒಂದು ಇಡೀ ದಿನ ಹಂತ 2ರ ನೀರನ್ನು ಮಾತ್ರ ಕುಡಿದು ನೋಡಿ. ಆಮೇಲೆ ಕಾರಣ ಇಲ್ಲದೆ ಯಾರಿಗೂ ಬರೆದುಕೊಡುವುದಿಲ್ಲ.

ಹೆಜ್ಜೆ 7: ನಾಲ್ಕೈದು ವಿಧಾನ, ಆದರೆ ಕನ್ನಡದಲ್ಲಿ

ಥೆರಪಿ ವಿಧಾನಗಳ ಪಟ್ಟಿ ಉದ್ದ ಇದೆ. ಮೊದಲ ವರ್ಷ ನಾಲ್ಕೈದನ್ನು ನಿಮ್ಮ ಮೇಲೆ ಮಾಡಿ ಕಲಿತರೆ ಸಾಕು. ಪ್ರತಿಯೊಂದಕ್ಕೂ ರೋಗಿಗೆ ಹೇಳುವ ಒಂದು ಸಾಲು ತಯಾರಿಟ್ಟುಕೊಳ್ಳಿ. ಎಫರ್ಟ್‌ಫುಲ್ ಸ್ವಾಲೋಗೆ ನಾನು ಹೇಳುವುದು: ‘ದೊಡ್ಡ ಮಾತ್ರೆ ಗಂಟಲಲ್ಲಿ ನಿಂತಿದೆ ಅಂದ್ಕೊಳ್ಳಿ, ಅದನ್ನು ಒತ್ತಿ ಇಳಿಸಿ.’ ಮೆಂಡೆಲ್ಸನ್‌ಗೆ ಅವರ ಬೆರಳನ್ನೇ ಅವರ ಕತ್ತಿನ ಮೇಲಿಟ್ಟು, ‘ಈ ಉಬ್ಬು ಮೇಲೆ ಹೋದಾಗ ಇಳಿಯೋಕೆ ಬಿಡಬೇಡಿ, ಒಂದು, ಎರಡು, ಈಗ ಬಿಡಿ.’ ಸುಪ್ರಾಗ್ಲಾಟಿಕ್‌ಗೆ: ‘ಉಸಿರು ಎಳೆದು ಕಟ್ಟಿ, ನುಂಗಿ, ಉಸಿರು ತಗೊಳ್ಳೋ ಮೊದಲೇ ಕೆಮ್ಮಿ, ಮತ್ತೆ ನುಂಗಿ.’ ಕೊನೆಯದು ಹೃದಯದ ತೊಂದರೆ ಇರುವವರಿಗೆ ಡಾಕ್ಟರನ್ನು ಕೇಳದೆ ಬೇಡ.

ಶೇಕರ್ ವ್ಯಾಯಾಮ ನೀವು ಮಾಡಿದರೆ ಮಾತ್ರ ಅದರ ಕಷ್ಟ ಗೊತ್ತಾಗುವುದು. ದಿಂಬಿಲ್ಲದೆ ಅಂಗಾತ ಮಲಗಿ, ಹೆಗಲು ಎತ್ತದೆ ತಲೆ ಮಾತ್ರ ಎತ್ತಿ ಕಾಲ್ಬೆರಳು ನೋಡುತ್ತಾ 1 ನಿಮಿಷ, ಮತ್ತೆ 1 ನಿಮಿಷ ವಿಶ್ರಾಂತಿ, ಹೀಗೆ 3 ಸಲ. ಆಮೇಲೆ ನಿಲ್ಲಿಸದೆ 30 ಸಲ ಎತ್ತಿ ಇಳಿಸುವುದು. ದಿನಕ್ಕೆ 3 ಹೊತ್ತು, 6 ವಾರ. 70 ದಾಟಿದವರಿಗೆ ಹಾಳೆಯಲ್ಲಿ ಬರೆದು ಕೊಟ್ಟು ಕಳಿಸಿದರೆ ಯಾರೂ ಮಾಡುವುದಿಲ್ಲ. 10 ಸೆಕೆಂಡಿನಿಂದ ಶುರು ಮಾಡಿಸಿ ಏರಿಸಿ. ಕತ್ತಿನ ಮೂಳೆ ಸವೆದವರಿಗೆ ಬೇಡವೇ ಬೇಡ.

ಗದ್ದ ಎದೆಗೆ ತಾಗಿಸಿ ನುಂಗುವುದನ್ನು ಎಲ್ಲರಿಗೂ ಹೇಳಿಬಿಡುವ ಚಾಳಿ ಇದೆ. ಕೆಲವರಿಗೆ ಅದರಿಂದ ಉಪಯೋಗ, ಕೆಲವರಿಗೆ ಇಲ್ಲ, ತುಟಿ ಮುಚ್ಚದವರಿಗೆ ಬಾಯಿಂದಲೇ ಸೋರುತ್ತದೆ. ಗಂಟಲ ಒಂದು ಬದಿ ಸೋತಿದ್ದರೆ ತಲೆಯನ್ನು ಸೋತ ಬದಿಗೇ ತಿರುಗಿಸಬೇಕು, ಆಗ ಆಹಾರ ಗಟ್ಟಿ ಬದಿಯಿಂದ ಇಳಿಯುತ್ತದೆ. ಫೀಸ್ ಮಾಡುವಾಗಲೇ ಇದನ್ನು ಪ್ರಯತ್ನಿಸಿ ನೋಡಿದರೆ ಊಹೆಯ ಪ್ರಶ್ನೆಯೇ ಬರುವುದಿಲ್ಲ. ಬಾಯಿ ಗಂಟಲು ಕ್ಯಾನ್ಸರ್‌ಗೆ ರೇಡಿಯೇಶನ್ ತಗೊಳ್ಳುವ ರೋಗಿಗಳನ್ನು ಚಿಕಿತ್ಸೆ ಮುಗಿದ ಮೇಲೆ ನಮ್ಮ ಹತ್ತಿರ ಕಳಿಸುತ್ತಾರೆ. ಶುರುವಾಗುವ ಮೊದಲೇ ಕಳಿಸಿ ಎಂದು ಡಾಕ್ಟರರನ್ನು ಕೇಳಿಕೊಳ್ಳಿ. ಸ್ನಾಯು ಗಟ್ಟಿಯಾಗಿ ಬಾಯಿ ತೆರೆಯಲಾಗದ ಸ್ಥಿತಿಗೆ ಬಂದ ಮೇಲೆ ನಾವು ಮಾಡಬಹುದಾದದ್ದು ಬಹಳ ಕಡಿಮೆ.

ಹೆಜ್ಜೆ 8: ಬೇರೆಯವರಿಗೆ ಕಲಿಸಿ

ನೀವು ವಾರ್ಡಿಗೆ ದಿನಕ್ಕೆ 20 ನಿಮಿಷ ಹೋಗುತ್ತೀರಿ. ಉಳಿದ ಹೊತ್ತು ಉಣಿಸುವವರು ಸಿಸ್ಟರ್‌ಗಳು, ಮನೆಯವರು. ಲ್ಯಾಂಗ್‌ಮೋರ್ ಅವರ 1998ರ ಅಧ್ಯಯನದಲ್ಲಿ ಆಸ್ಪಿರೇಶನ್ ನ್ಯುಮೋನಿಯಾ ಯಾರಿಗೆ ಬರುತ್ತದೆ ಎಂದು ನೋಡಿದಾಗ ಮುಂದೆ ನಿಂತ ಕಾರಣಗಳು: ಬೇರೆಯವರ ಕೈಯಲ್ಲಿ ಉಣ್ಣಬೇಕಾದ ಸ್ಥಿತಿ, ಬಾಯಿ ಶುಚಿಗೂ ಬೇರೆಯವರನ್ನು ನಂಬಿರುವುದು, ಹುಳುಕು ಹಲ್ಲು. ಅಂದರೆ ಹಲ್ಲುಜ್ಜುವ ಬ್ರಷ್ ಕೂಡ ನಮ್ಮ ಚಿಕಿತ್ಸೆಯ ಸಾಮಾನು. ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಹಾಕಿದ್ದಾರೆ, ಬಾಯಿಂದ ಏನೂ ಕೊಡುತ್ತಿಲ್ಲ, ಹಾಗಾಗಿ ಬಾಯಿ ತೊಳೆಯುವುದು ಬೇಡ ಎಂದು ಬಿಟ್ಟವರನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಟ್ಯೂಬ್ ಇದ್ದರೂ ಎಂಜಲು ಇಳಿಯುತ್ತಲೇ ಇರುತ್ತದೆ, ಕೊಳೆತ ಬಾಯಿಯ ಎಂಜಲು.

ಸಿಸ್ಟರ್‌ಗಳಿಗೆ ಸ್ಲೈಡ್ ತೋರಿಸಬೇಡಿ. ನಾಲ್ಕು ಬಟ್ಟಲು ಮೊಸರು ತನ್ನಿ, ಜೋಡಿ ಮಾಡಿ, ಒಬ್ಬರು ಇನ್ನೊಬ್ಬರಿಗೆ ಉಣಿಸಲಿ. ಒಮ್ಮೆ ಬೇಗ ಬೇಗ, ಒಮ್ಮೆ ನಿಂತುಕೊಂಡು, ಒಮ್ಮೆ ಕಣ್ಣು ಕಟ್ಟಿ, ಏನು ಬರುತ್ತಿದೆ ಎಂದು ಹೇಳದೆ. ಹತ್ತು ನಿಮಿಷದಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ. ‘ಮೇಡಂ, ನಾವು ದಿನಾ ಹೀಗೇ ತಿನ್ನಿಸ್ತಾ ಇದೀವಾ?’ ಎಂದು ಒಬ್ಬ ಸಿಸ್ಟರ್ ಕಣ್ಣಿನ ಪಟ್ಟಿ ಬಿಚ್ಚುತ್ತಾ ಕೇಳಿದ್ದು ನನಗೆ ಇವತ್ತಿಗೂ ನೆನಪಿದೆ.

ಮನೆಯವರಿಗೆ ನೀವು ಮಾಡಿ ತೋರಿಸಿ, ಆಮೇಲೆ ಅವರಿಂದ ಮಾಡಿಸಿ ನೋಡಿ. ನೆಟ್ಟಗೆ ಕೂರಿಸುವುದು, ಚಿಕ್ಕ ಚಮಚ, ನುಂಗಿದ ಮೇಲೆಯೇ ಮುಂದಿನ ತುತ್ತು, ಊಟವಾಗಿ ಅರ್ಧ ಗಂಟೆ ಮಲಗಿಸದಿರುವುದು, ಬಾಯಿ ತೊಳೆಯುವುದು. ನೋಡಲು ಬರುವ ನೆಂಟರ ವಿಷಯವನ್ನೂ ಎತ್ತಿ. ಎಳನೀರು ತಂದು ಎರಡು ಗುಟುಕಾದರೂ ಕುಡಿಯಲಿ ಎಂದು ಒತ್ತಾಯ ಮಾಡುವವರಿಗೆ ಬೇಡ ಎನ್ನುವುದು ಸೊಸೆಗೆ ಕಷ್ಟ. ‘ಸ್ಪೀಚ್ ಥೆರಪಿಸ್ಟ್ ಬೈತಾರೆ ಅನ್ನಿ’ ಎಂದು ನಾನೇ ಹೇಳಿಕೊಡುತ್ತೇನೆ.

ಹೆಜ್ಜೆ 9: ಒಂಟಿಯಾಗಿ ಕೆಲಸ ಮಾಡಬೇಡಿ

ತಾಲ್ಲೂಕು ಊರಿನಲ್ಲಿ ನೀವೊಬ್ಬರೇ ಥೆರಪಿಸ್ಟ್ ಆಗಿರಬಹುದು. ಆದರೂ ತಿಂಗಳಿಗೊಮ್ಮೆ ನಿಮಗಿಂತ ಜಾಸ್ತಿ ಕೇಸ್ ನೋಡಿದ ಒಬ್ಬರ ಜೊತೆ ಫೋನಿನಲ್ಲಾದರೂ ಮೂರು ಕೇಸ್ ಚರ್ಚಿಸಿ, ಹೆಸರು ಹೇಳದೆ. ಚೆನ್ನಾಗಿ ಆದದ್ದನ್ನಲ್ಲ, ಅನುಮಾನ ಉಳಿದದ್ದನ್ನು. ಟ್ರೆಕಿಯಾಸ್ಟಮಿ, ಅಂದರೆ ಉಸಿರಿಗಾಗಿ ಕತ್ತಿನಲ್ಲಿ ತೂತು ಮಾಡಿ ಕೊಳವೆ ಹಾಕಿರುವವರು, ವೆಂಟಿಲೇಟರ್‌ನಿಂದ ಈಗಷ್ಟೇ ಹೊರಬಂದವರು, ಅವಧಿಗೆ ಮೊದಲು ಹುಟ್ಟಿದ ಮಕ್ಕಳು, ಈ ಮೂರಕ್ಕೂ ಪ್ರತ್ಯೇಕ ತರಬೇತಿ ಬೇಕು. ಅದಿಲ್ಲದೆ ಕೈ ಹಾಕಬೇಡಿ, ‘ನನಗೆ ಇದರಲ್ಲಿ ತರಬೇತಿ ಆಗಿಲ್ಲ’ ಎಂದು ಕೇಸ್ ಶೀಟಿನಲ್ಲಿ ಬರೆದು ಕಳಿಸುವುದರಲ್ಲಿ ಅವಮಾನ ಏನಿಲ್ಲ.

ಲಾಗ್‌ಬುಕ್ ಇಡಿ. ದಿನಾಂಕ, ಕಾಯಿಲೆ, ನಾನು ಅಂದುಕೊಂಡದ್ದು, ಕೊಟ್ಟ ಸಲಹೆ, ಕೊನೆಗೆ ನಿಜವಾಗಿ ಆದದ್ದು. ಕೊನೆಯ ಕಾಲಮ್ ತುಂಬಿಸಲು ನಾನು ಮಾಡುವುದು ಒಂದು ಫೋನ್, ರೋಗಿ ಮನೆಗೆ ಹೋದ ಮೂರನೇ ದಿನ. ‘ಹೇಗಿದ್ದಾರೆ?’ ಎಂದು ಕೇಳುವುದಿಲ್ಲ, ಚೆನ್ನಾಗಿದ್ದಾರೆ ಅಂದುಬಿಡುತ್ತಾರೆ. ‘ಇವತ್ತು ಬೆಳಗ್ಗೆ ಏನು ತಿಂದರು, ಎಷ್ಟು ಹೊತ್ತಾಯಿತು, ನೆತ್ತಿಗೆ ಹತ್ತಿತಾ?’ ಎಂದು ಕೇಳುತ್ತೇನೆ. ಹೋದ ತಿಂಗಳು ಒಬ್ಬ ಮಗಳು ಹೇಳಿದರು: ‘ಗಂಜಿ ಸಲೀಸಾಗಿ ಹೋಗ್ತಿದೆ ಮೇಡಂ, ಆದರೆ ಮಾತ್ರೆ ನುಂಗುವಾಗ ಮಾತ್ರ ಎರಡು ಸಲ ಹತ್ತಿತು.’ ಗಂಜಿ, ಅನ್ನ, ನೀರು ಎಲ್ಲವನ್ನೂ ಪರೀಕ್ಷೆ ಮಾಡಿದ್ದೆ, ದಿನಕ್ಕೆ ಆರು ಮಾತ್ರೆ ನುಂಗುವವರಿಗೆ ಮಾತ್ರೆಯನ್ನೇ ಕೊಟ್ಟು ನೋಡಿರಲಿಲ್ಲ. ಡಾಕ್ಟರನ್ನು ಕೇಳಿ, ಪುಡಿ ಮಾಡಬಹುದಾದವನ್ನು ಪುಡಿ ಮಾಡಿ ಗಟ್ಟಿ ಮೊಸರಿನಲ್ಲಿ ಕೊಡಲು, ಪುಡಿ ಮಾಡಬಾರದ ಎರಡನ್ನು ಸಿರಪ್‌ಗೆ ಬದಲಿಸಲು ಹೇಳಿದ್ದಾಯಿತು. ಅವತ್ತಿನಿಂದ ನನ್ನ ಪರೀಕ್ಷೆಯ ಹಾಳೆಯಲ್ಲಿ ಒಂದು ಸಾಲು ಜಾಸ್ತಿ ಇದೆ.